ನಿನ್ನ ಪರವಾಗಿ ನಾನಿತ್ತ ಒಪ್ಪಿಗೆ

ಹುಕ್ಕೇರಿ, ೨೦೦೩

ಧರ್ಮಪತ್ನಿ ತ್ರಿಶಲೆಗೆ,

ದೇಹ ತೊರೆದ ಜೀವಕ್ಕೆ ಪತ್ರ ಮುಟ್ಟದೆಂದು ಬಲ್ಲೆ, ಆದರೂ ಬರೆಯುತ್ತಿದ್ದೇನೆ. ಇಂದು ನಮ್ಮ ಜೈನರ ಕ್ಷಮಾವಣಿ, ಕ್ಷಮೆ ಬೇಡಿದವರಿಗೆ ಇಲ್ಲವೆನ್ನಲಾಗದ ದಿನ. ನಿನ್ನ ಕ್ಯಾನ್ಸರಿಗೆ ಚಿಕಿತ್ಸೆ ನೀಡಿದ ಡಾಕ್ಟರ್ ಶಹನಾಜ ಮನೆಗೆ ಬಂದಿದ್ದರು.

"ಕಾಕಾರ, ಕಾಕೂರ ಗಂಟಿನಿಂದ ತೆಗೆದ ಜೀವಕೋಶ ನಮ್ಮ ಲ್ಯಾಬಿನ್ಯಾಗ ಇನ್ನೂ ಬೆಳಿಯಾಕತ್ತಾವ್ರಿ. ಅವುಗಳಿಂದನ ಹೊಸ ಔಷಧ ಸಿಕ್ಕೈತಿ. ಆವಾಗ ನಿಮ್ಮನ್ನ ಕೇಳಲಿಲ್ಲ, ತಪ್ಪಾತು. ಮುಂದನೂ ಇಟ್ಕೊಳ್ಳಾಕ ಒಪ್ಪಿಗಿ ಕೊಡ್ರಿ."

"ಅವು ಸಾಯತಾವೇನವಾ?"

"ಔಷಧ ಹಾಕಿದ್ರ ಸಾಯತಾವ್ರಿ. ಅದನ್ನ ನೋಡೂದ ನಮ್ಮ ಕೆಲಸ."

ನೀರು ಸೋಸಿದ ಬಟ್ಟೆಯಲ್ಲುಳಿದ ಕಾಣದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದವಳು ನೀನು. ನಾನು ಡಾಕ್ಟರಿಗೆ ಕ್ಷಮೆಯನ್ನು ಕೂಡಲೇ ನೀಡಿದೆ. ಆ ಕೋಶಗಳೂ ಜೀವವೇ ಎನಿಸಿ ಒಪ್ಪಿಗೆಯನ್ನು ಮಾತ್ರ ತಡೆದೆ.

"ಕಣಗಲಾ ಊರಿನ ಸುರಯ್ಯಾ ಅಂತ ಒಬ್ಬಾಕಿ, ಇದ ರೋಗದಿಂದ ಹಾಸಗಿ ಹಿಡಿದಾಕಿ, ಆ ಔಷಧ ತಗೊಂಡು ಎದ್ದು ರೊಟ್ಟಿ ಬಡಿಯಾಕತ್ತಾಳ್ರಿ," ಎಂದು ಅವರು ಮೆಲ್ಲನೆ ನುಡಿದರು.

ನಾನು ಒಪ್ಪಿದೆ.

ಅವರು ಹೊರಟ ಬಳಿಕ ಮಗಳು ಭಕ್ತಿ ಕೇಳಿದಳು: "ಅಪ್ಪಾಜಿ, ಅವ್ವ ಇದ್ದಿದ್ರ ಏನಂತಿದ್ಲು?"

ಇಷ್ಟು ಕಾಲ ಒಂದೇ ಮನೆಯಲ್ಲಿ ಬಾಳಿದವನು, ತ್ರಿಶಲೆ, ನಾನು ಆ ಪ್ರಶ್ನೆಯನ್ನು ನಿನಗೇ ಬರೆದು ನಿನ್ನ ಕ್ಷಮೆ ಬೇಡುತ್ತಿದ್ದೇನೆ.