ಬಂದೂಕಿನ ಎದುರು ಅಮ್ಮ

ಮನೆಯಿಂದ,
೧೨ನೇ ತಾರೀಖು, ಮಂಗಳವಾರ

ಪ್ರೀತಿಯ ಮೊಂಡಾ,

ಹೇಗಿದ್ದೀಯೋ? ವೆಲ್ಡಿಂಗ್ ಕಿಡಿ ಹಾರಿ ಕೆಂಪಾಗಿದ್ದ ಕಣ್ಣು ವಾಸಿಯಾಯಿತೇ? ಶಿಪ್‌ಯಾರ್ಡಿನವರು ಕೊಟ್ಟ ಕನ್ನಡಕ ಹಾಕಿಕೊಳ್ಳುತ್ತೀಯೋ, ಇಲ್ಲ ಹಣೆಯ ಮೇಲೇರಿಸಿಕೊಂಡು ಶೋಕಿ ಮಾಡುತ್ತೀಯೋ? ಆ ಕಣ್ಣಿಗೆ ಈಗ ಕೆಲಸವಿದೆ, ಅದಕ್ಕೇ ಕೇಳುತ್ತಿದ್ದೇನೆ.

ಕೂತುಕೊಂಡು ಓದು. ಶನಿವಾರ ನಾನು ಅಮ್ಮನ ಮುಖ ನೋಡಿದೆ! ನೀನು ನಡೆಯಲು ಕಲಿಯುವ ಮೊದಲೇ ತೀರಿಹೋದ, ನನಗೂ ಸೋಪಿನ ವಾಸನೆಯಷ್ಟೇ ನೆನಪಿದ್ದ ಅಮ್ಮ! ತಲೆ ಕೆಟ್ಟಿಲ್ಲ ಕಣೋ. ನೀನು ಹುಟ್ಟಿದ ವರ್ಷ ನಮ್ಮ ಬೀದಿಯಲ್ಲೇ ಒಂದು ಸಿನಿಮಾ ತೆಗೆದಿದ್ದರಂತೆ. ಪರದೇಶದ ಸೈನ್ಯ ಊರನ್ನು ಆಕ್ರಮಿಸಿಕೊಂಡದ್ದು, ಜನ ತಿರುಗಿಬಿದ್ದದ್ದು, ಅದೇ ಕಥೆ. ಬಿಡುಗಡೆಗೆ ಮೊದಲೇ ಸರ್ಕಾರ ನಿಷೇಧಿಸಿತ್ತು; ಈಗ ನಿಷೇಧ ತೆಗೆದಿದ್ದಾರೆ, ನಮ್ಮ ಟಾಕೀಸಿಗೇ ಬಂದಿದೆ. ಅಪ್ಪ ಏನೂ ಹೇಳದೆ ನನ್ನನ್ನು ಎಳೆದುಕೊಂಡು ಹೋದರು. ಅದರಲ್ಲಿ ಊರವರೇ ಸೈನಿಕರು, ಊರವರೇ ದಂಗೆಯವರು. ಎತ್ತರವಿದ್ದವರಿಗೆಲ್ಲ ಪರಕೀಯರ ಸಮವಸ್ತ್ರ, ಅಪ್ಪನಿಗೂ! ಜಿರಳೆ ಕಂಡರೆ ನನ್ನನ್ನು ಕೂಗುವ ನಮ್ಮಪ್ಪ ಬಂದೂಕು ಹಿಡಿದು ಬೇಕರಿಯ ಮುಂದೆ ಹೆಂಗಸರನ್ನು ತಡೆದು ನಿಂತಿದ್ದಾರೆ. ಗುಂಪಿನಿಂದ ಒಬ್ಬಳು ಮುಂದೆ ಬಂದು, ಅಪ್ಪನ ಬಂದೂಕಿನ ತುದಿಯನ್ನು ಪಕ್ಕಕ್ಕೆ ತಳ್ಳಿ, ಕೆಳತುಟಿ ಕಚ್ಚಿ ದುರುಗುಟ್ಟಿ ನೋಡಿದಳು. ಟಾಕೀಸಿನ ತುಂಬ ಸಿಳ್ಳೆ! ಅಪ್ಪ ಎದ್ದು ನಿಂತು “ಅವಳೇ ಕಣೇ, ನಿಮ್ಮಮ್ಮ!” ಎಂದು ಕೂಗಿದರು. ಹಿಂದಿನವರು “ಕೂತ್ಕೊಳ್ರೀ ಯಜಮಾನ್ರೇ” ಎಂದರೂ ಕೂರಲಿಲ್ಲ. ಸಿಟ್ಟು ಬಂದಾಗ ನೀನು ಕಚ್ಚುತ್ತೀಯಲ್ಲ, ಅದೇ ತುಟಿ, ಅದೇ ಹುಬ್ಬು. ನಾನು ಒಂದೇ ಸಮ ಅತ್ತೆ, ನಕ್ಕೆ, ಪಕ್ಕದವರ ಕರ್ಚೀಫನ್ನೂ ಒದ್ದೆ ಮಾಡಿದೆ.

ಅಮ್ಮನ ಒಂದು ಫೋಟೋ ಕೂಡ ಉಳಿಸಲಿಲ್ಲ ಎಂದು ಅಪ್ಪನ ಜೊತೆ ಜಗಳವಾಡಿ ಹೋದವನು ನೀನು. ಇದ್ದರೆ ತಾನೇ ಉಳಿಸುವುದು? ತೆಗೆಸಿರಲೇ ಇಲ್ಲ ಮಹಾರಾಯ. ಈ ಸಿನಿಮಾ ವಿಷಯವನ್ನಾದರೂ ಹೇಳಬಾರದಿತ್ತೇ ಎಂದು ಕೇಳಿದೆ. “ತೋರಿಸೋಕೆ ಆಗ್ದೇ ಇರೋದನ್ನ ಹೇಳಿ ನಿಮ್ಮ ಹೊಟ್ಟೆ ಯಾಕೆ ಉರಿಸ್ಲಿ” ಎಂದರು. ಈಗ ದಿನವೂ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಗೇಟಿನವನು ಟಿಕೆಟ್ ಕೇಳುವುದನ್ನೇ ಬಿಟ್ಟಿದ್ದಾನೆ.

ಆಟ ಭಾನುವಾರದವರೆಗೆ ಮಾತ್ರ. ರಜೆ ಹಾಕಿ ಬಾ. ಅಕ್ಕನಿಗೆ ಹುಷಾರಿಲ್ಲ ಎಂದುಬಿಡು. ಫೋನಿನಲ್ಲಿ ಕೆಮ್ಮಲು ನಾನು ಸಿದ್ಧ. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ತಾ.ಕ.: ಅಯ್ಯೋ, ಮುಖ್ಯವಾದದ್ದೇ ಬಿಟ್ಟುಹೋಯಿತು! ಅಮ್ಮನ ಸೊಂಟದ ಮೇಲೆ ಒಂದು ಕೂಸಿದೆ. ಬಂದೂಕು ಕಂಡು ಅದು ಅಳಬೇಕಿತ್ತಂತೆ. ಎಷ್ಟು ಸಲ ತೆಗೆದರೂ ಅಳಲಿಲ್ಲ. ಎತ್ತಿಕೋ ಎಂದು ಆ ಸೈನಿಕನತ್ತಲೇ ಎರಡೂ ಕೈ ಚಾಚಿ ನಗುತ್ತಿತ್ತಂತೆ. ಸಿನಿಮಾದವರು ಸೋತು ಹಾಗೇ ಬಿಟ್ಟಿದ್ದಾರೆ. ಆ ಕೂಸು ನೀನೇ. ಅಪ್ಪ ದಿನಾ ಹೋಗುವುದು ಅಮ್ಮನೊಬ್ಬಳನ್ನೇ ನೋಡಲು ಅಲ್ಲ ಕಣೋ.