ಎಡಗೈ ಬರಹ

ಮೋಪಾನ್ ಹಳ್ಳಿ, ಯುನ್‌ತಾಂಗ್ ತಾಲ್ಲೂಕು
ನವೆಂಬರ್ ೧೯೮೪

ಅಪ್ಪ,

ಇಲ್ಲಿಗೆ ಬಂದು ಆರು ದಿನವಾಯಿತು. ಕಮ್ಯೂನ್ ಆಡಳಿತ ಹೋಗಿ ಹೋಬಳಿ ಬಂದರೂ ಕಚೇರಿಯ ಬೋರ್ಡು ಹಳೆಯದೇ ಇದೆ. ನಮ್ಮ ಕಚೇರಿ ಬರೆಸುತ್ತಿರುವ ತಾಲ್ಲೂಕಿನ ಚರಿತ್ರೆಗೆಂದು ಬೆಟ್ಟ, ಹಳ್ಳ, ಗಡಿಕಲ್ಲುಗಳ ಬಗ್ಗೆ ಕೇಳಿದಾಗ ಜನ ನಗುತ್ತಲೇ ಹೇಳಿದರು. ನಿನ್ನೆ ಈ ಹಳ್ಳಿಯ ಹಿರಿಯ ಗೆಂಗ್ ತಾತ ಹೇಳಿದ್ದನ್ನು ಬರೆದುಕೊಂಡು, ಕಚೇರಿಯ ನಿಯಮದಂತೆ ಕೆಳಗೆ ಅವರ ಹೆಸರು, ವಯಸ್ಸು ಹಾಕಿದೆ. ಅವರ ಮುಖ ಬಿಳಿಚಿಕೊಂಡಿತು.

“ಹೆಸರು ಯಾಕಮ್ಮ ಬರ್ಕೊಂಡೆ? ಐವತ್ತೇಳರಲ್ಲೂ ಒಬ್ಬ ಗುಮಾಸ್ತ ಬಂದಿದ್ದ. ‘ಸರ್ಕಾರದ ತಪ್ಪು ಏನಿದ್ರೂ ಧೈರ್ಯವಾಗಿ ಹೇಳಿ’ ಅಂದ. ಹೇಳ್ದೋರ ಹೆಸರೆಲ್ಲ ಬರ್ಕೊಂಡ. ಆಮೇಲೆ ಒಂಬತ್ತು ಜನಾನ ಹಿಡ್ಕೊಂಡು ಹೋದ್ರು, ನಮ್ಮಣ್ಣನೂ ಸೇರಿ. ಒಬ್ರೂ ವಾಪಸ್ ಬರ್ಲಿಲ್ಲ.”

ಆಮೇಲೆ ನನ್ನ ಕೈಯನ್ನೇ ದಿಟ್ಟಿಸಿದರು. “ಅವನೂ ನಿನ್ ಥರಾನೇ ಎಡಗೈಲಿ ಬರೀತಿದ್ದ. ನೀನು ಯಾರ ಮಗಳು?”

ನಾನು ಪುಸ್ತಕ ಮುಚ್ಚಿ ಎದ್ದು ಬಂದೆ.

ಇವತ್ತು ಯಾರೂ ಬಾಗಿಲು ತೆರೆಯಲಿಲ್ಲ. ನನ್ನ ಕೋಣೆಯ ಕಿಟಕಿಯೆದುರು ಮೂವರು ಗಂಡಸರು ಸುಮ್ಮನೆ ಕೂತಿದ್ದಾರೆ. ಹೋಬಳಿಗೆ ಹೋಗುವ ಟ್ರ್ಯಾಕ್ಟರ್ ಇನ್ನು ಶನಿವಾರವೇ.

ಕೆಮ್ಮು ಕಡಿಮೆಯಾಗಿದೆ. ಉಣ್ಣೆಯ ಕಾಲುಚೀಲ ಕಳಿಸಬೇಡಿ. ಆ ಕಡೆ ಹೋಗಬೇಡ ಎಂದು ನೀವು ಅಷ್ಟು ಹಟ ಹಿಡಿದದ್ದು ಬರೀ ಚಳಿಗೇನಾ, ಅಪ್ಪ? ಇಲ್ಲಿ ಲಕೋಟೆ ಸಿಗಲಿಲ್ಲ; ಶನಿವಾರ ಹೋಬಳಿಯಲ್ಲಿ ಕೊಂಡು, ಅಂಟಿಸಿ, ಈ ಪತ್ರವನ್ನು ನಾನೇ ಅಂಚೆಗೆ ಹಾಕುತ್ತೇನೆ. ನೀವೂ ಕಾರ್ಡಿನಲ್ಲಿ ಉತ್ತರ ಬರೆಯಬೇಡಿ, ಯಾರಾದರೂ ಓದಿಯಾರು.

ಅಕ್ಷರ ಸೊಟ್ಟಗಿದೆ, ಬೇಸರಿಸಬೇಡಿ. ಕಿಟಕಿಯಾಚೆ ಕೂತವರು ನೋಡುತ್ತಿದ್ದಾರೆಂದು ಬಲಗೈಯಲ್ಲಿ ಬರೆಯುತ್ತಿದ್ದೇನೆ. ನಿಮ್ಮಿಂದ ಬಂದ ಕೈಯನ್ನು ಕೋಟಿನ ಜೇಬಿನಲ್ಲಿ ಬಚ್ಚಿಟ್ಟಿದ್ದೇನೆ.

ನಿಮ್ಮ ಸುಯಿಂಗ್