ನಿನ್ನ ಬಿಯರ್ ಫ್ರಿಜ್ಜು, ನನ್ನ ಆಣೆ

ಗದಿಗೆಪ್ಪ,

ಸತ್ತವನ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಮೆರಿಕ ಬಿಟ್ಟು ಊರಿಗೆ ಹೊರಡುವ ಮುಂಚೆ ನನ್ನನ್ನೊಮ್ಮೆ ನೋಡಬೇಕೆಂದು ನಿನ್ನ ಅವ್ವ ಇವತ್ತು ಕರ್ಕ್‌ಲ್ಯಾಂಡಿನ ನಮ್ಮ ಮನೆಗೆ ಬಂದಿದ್ದರು. ನೆಟ್ಟಗೆ ಗ್ಯಾರೇಜಿಗೆ ಹೋಗಿ ನಿನ್ನ ಬಿಯರ್ ಫ್ರಿಜ್ಜಿನ ಮುಂದೆ ನಿಂತರು.

"ತಮ್ಮಾ, ಇನ್ನರ ಇದನ್ನ ಬಿಡು. ನಿನ್ನ ಕುಡತಾ ಬಿಡಸಬೇಕಂತ ನನ್ನ ಮಗಾ ಪ್ರತಿ ಶನಿವಾರ ಇಲ್ಲಿ ಬರತಿದ್ದ. ಇದರ ಪೈಪ್ ತೊಳದು ತೊಳದು ಅವನ ಅಂಗಿ ಸೈತ ನಾರತಿತ್ತು."

ಹೀಗೆ ಹೇಳಿಟ್ಟಿದ್ದೆಯೇನೋ? ಒಂದು ತೊಟ್ಟೂ ಕುಡಿಯದವನು ನಾನು. ಅವ್ವ ನನ್ನ ಮನೆಯಲ್ಲಿರುವಷ್ಟು ದಿನ ನಿನ್ನ ಹತ್ತಿರ ಇಟ್ಟುಕೋ ಎಂದು ಈ ಫ್ರಿಜ್ಜು, ಬಿಯರ್ ತುಂಬಿದ ಕೆಗ್ಗು ಪೀಪಾಯಿ, ಗ್ಯಾಸ್ ಸಿಲಿಂಡರು ಎಲ್ಲ ತಂದು ಇಳಿಸಿದವನು ನೀನು. ಗ್ಯಾಸು ಬಿಯರಿನೊಳಗೆ ನಿಧಾನವಾಗಿ ಇಳಿಯಬೇಕು, ಒಂದು ವಾರ ಯಾರೂ ಮುಟ್ಟಬಾರದು ಎಂದು ನನ್ನ ಕಾರನ್ನೇ ಹೊರಗೆ ಹಾಕಿಸಿದೆ. ಬಿಯರಿಗೆ ವಾರಗಟ್ಟಲೆ ಕಾಯುತ್ತಿದ್ದವನಿಗೆ 520 ಹೆದ್ದಾರಿಯಲ್ಲಿ ಮುಂದಿನ ಕಾರು ಸರಿಯುವವರೆಗೆ ಕಾಯಲಾಗಲಿಲ್ಲ.

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ, "ಅಂವಾ ಒಂದ ಹನಿನೂ ಮುಟ್ಟಿದಾಂವಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬಿಟ್ಬಿಡ್ತೀನಮ್ಮ" ಎಂದೆ.

ಅವರಿಗೆ ಅಷ್ಟು ಸಾಲಲಿಲ್ಲ. ಫೋನಿನಲ್ಲಿದ್ದ ನಿನ್ನ ಫೋಟೋ ಮುಂದೆ ಹಿಡಿದರು. ಹಲ್ಲು ಕಿರಿಯುತ್ತಿದ್ದ ನಿನ್ನ ಮುಖ ಮುಟ್ಟಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿದೆ.

ಅವರು ಹೋದ ಮೇಲೆ ಫ್ರಿಜ್ಜಿನ ಬಿಯರ್ ನಲ್ಲಿಗೆ ಒಂದು ಗ್ಲಾಸು ಹಿಡಿದೆ. ಜೀವಮಾನದಲ್ಲೇ ಮೊದಲ ಸಲ ಕುಡಿಯಬೇಕೆನಿಸಿತು. ಅದಕ್ಕೂ ಕಲ್ಲು ಹಾಕಿ ಹೋಗಿದ್ದೀಯ.

ಪೃಥ್ವಿ